ಕುರ್ಚಿ ಹುಡುಕುವ ಹೊತ್ತಿನ ಬಾಕ್ಸರು

ಕಳೆದ ತಿಂಗಳು ಅವರು ನಿವೃತ್ತರಾದರು. ಶಾಲಿಲ್ಲ, ಗಂಧದ ಹಾರವಿಲ್ಲ, ಮೈಕಿನ ಮುಂದೆ ಎರಡು ಸಲ ಕೆಮ್ಮಿ "ಇವರ ಸೇವೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ" ಅನ್ನುವ ಅಧ್ಯಕ್ಷರಿಲ್ಲ. ನಮ್ಮಪ್ಪ ಮೈಸೂರಿನಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದಾಗ ಮನೆಗೆ ಎಷ್ಟು ಹಣ್ಣಿನ ಬುಟ್ಟಿ ಬಂತೆಂದರೆ, ವಾರವೆಲ್ಲಾ ಸೇಬು ತಿಂದು ಆಮೇಲೆ ವರ್ಷವಿಡೀ ನಾವು ಸೇಬಿನ ಮುಖ ನೋಡಲಿಲ್ಲ. ಇವರಿಗೆ ಒಂದು ಕಿತ್ತಳೆಯೂ ಬರಲಿಲ್ಲ. ವಯಸ್ಸು ಮೂವತ್ತೆರಡು. ನಮ್ಮ ಕಡೆ ಆ ವಯಸ್ಸಿನ ಗಂಡಸರು ಕೆಲಸ ಖಾಯಂ ಆಗುತ್ತೋ ಇಲ್ಲವೋ ಅಂತ ಇನ್ನೂ ವಿಚಾರಿಸುತ್ತಾ ಇರುತ್ತಾರೆ.

ಅವರು ಬಾಕ್ಸರು. ಜಪಾನಿನ ಒಸಾಕಾದವರು. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಬರೆದಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಅವರು ಹೊಡೆದಾಡಿದ ಊರುಗಳಲ್ಲಿ ಟಿಕೆಟ್ ಕೊಂಡು ಬಂದವರಿಗೇ ಗೊತ್ತಾಗಲಿಲ್ಲ. ಬಾಕ್ಸಿಂಗಿನಲ್ಲಿ ತೂಕದ ಮೇಲೆ ಜಾತಿ. ಇವರದ್ದು ನೂರ ಹನ್ನೆರಡು ಪೌಂಡಿನ ಜಾತಿ, ಅಂದರೆ ಐವತ್ತೊಂದು ಕಿಲೋಗೂ ಒಂದು ಚಿಟಿಕೆ ಕಡಿಮೆ. ಅದಕ್ಕೆ ಇಂಗ್ಲಿಷಿನವರು ಇಟ್ಟಿರುವ ಹೆಸರು ನೊಣದ ತೂಕ. ನಮ್ಮಕ್ಕನಿಗೆ ಇದನ್ನು ವಿವರಿಸಿದಾಗ ಅವಳು ಒಗ್ಗರಣೆ ಸೌಟು ಹಿಡಿದೇ ತಿರುಗಿ, "ನೊಣದ ತೂಕದೋರು ಹೊಡೆದಾಡೋದನ್ನ ನೋಡೋಕೆ ಜನ ದುಡ್ಡು ಕೊಟ್ಟು ಹೋಗ್ತಾರೇನೋ? ಮನೇಲಿ ನೀನೂ ನಿಮ್ಮ ಭಾವನೂ ಬಿಟ್ಟಿಯಾಗೇ ತೋರಿಸ್ತೀರಲ್ಲ," ಅಂದಳು.

ಅಮೆರಿಕದಲ್ಲಿ ಜನ ದುಡ್ಡು ಕೊಡುವುದು ದಪ್ಪಗಿರುವವರನ್ನು ನೋಡಲು. ನೊಣಗಳ ಪಂದ್ಯ ಸಂಜೆಯ ಮೊಟ್ಟಮೊದಲಿಗೆ. ಇನ್ನೂ ಬೆಳಕು ಪೂರ್ತಿ ಹಾಕಿರುವುದಿಲ್ಲ, ಜನ ಟಿಕೆಟ್ ಹಿಡಿದು ಕುರ್ಚಿ ಹುಡುಕುತ್ತಿರುತ್ತಾರೆ, ಬಿಯರು ತರಲು ಹೋದವರು ಬಂದಿರುವುದಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡುವ ಹುಡುಗಿಯರ ಪಾಡು. ಒಂದು ಸಲ ಓಕ್ಲೆಂಡಿನಲ್ಲಿ ಅವರು ಒಬ್ಬನನ್ನು ಎರಡನೇ ರೌಂಡಿನಲ್ಲೇ ಮಲಗಿಸಿದರು. ನನ್ನ ಮುಂದಿನ ಸಾಲಿನ ಮನುಷ್ಯ ಆಗತಾನೇ ಕೂತು, "ಶುರುವಾಯ್ತಾ?" ಅಂತ ನನ್ನನ್ನೇ ಕೇಳಿದ. "ಮುಗೀತು," ಅಂದೆ. "ಓಹ್, ಒಳ್ಳೇದಾಯ್ತು," ಅಂದು ಕಡಲೆಕಾಯಿ ಪೊಟ್ಟಣ ಬಿಚ್ಚಿದ.

ನಾನು ಅವರ ಹಿಂದೆ ಬಿದ್ದದ್ದು ಅಕ್ಷರಶಃ ಹಿಂದೆ ಬಿದ್ದೇ. ಸ್ಯಾನ್ ಹೊಸೆಯಲ್ಲಿ ನನ್ನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟು, ಆಗಸ್ಟಿನ ಬಿಸಿಲು. ಕಪ್ಪು ಕಸದ ಚೀಲಕ್ಕೆ ತೂತು ಮಾಡಿ ಅದನ್ನೇ ಅಂಗಿಯ ಹಾಗೆ ಹಾಕಿಕೊಂಡ (ಬೆವರಿಳಿಸಿ ತೂಕ ಕರಗಿಸಲು ಅಂತ ಆಮೇಲೆ ಗೊತ್ತಾಯಿತು) ಸಣ್ಣ ಆಳೊಬ್ಬರು ಕಾರುಗಳ ನಡುವೆ ಓಡುತ್ತಿದ್ದರು. ಮೂಗಿನಲ್ಲಿ ಸುಸ್ ಸುಸ್ ಉಸಿರು, ನಡುನಡುವೆ ಗಾಳಿಗೆ ಗುದ್ದು. ನನ್ನ ಕಾಯಿಲೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ: ಯಾರನ್ನೇ ಕಂಡರೂ ಅವರ ಹಾಗೆ ಮಾಡದೆ ಇರಲು ನನಗಾಗುವುದಿಲ್ಲ. ಇಂಡಿಯಾಕ್ಕೆ ಫೋನ್ ಮಾಡುವಾಗ ತಂತಿಯ ಸಹಾಯವೇ ಬೇಡವೆಂಬಂತೆ ಕಿರುಚುವ ಅಕ್ಕನನ್ನು ಮಾಡುತ್ತೇನೆ, ಕನ್ನಡ ಕೂಟದಲ್ಲಿ ವಂದನಾರ್ಪಣೆ ಮುಗಿಸಲಾರದ ಕಾರ್ಯದರ್ಶಿಯನ್ನು ಮಾಡುತ್ತೇನೆ, ಕೆಲಸದ ಇಂಟರ್‌ವ್ಯೂನಲ್ಲಿ ನಾಲಿಗೆ ಒಣಗಿಸಿಕೊಂಡು ಕೂತ ನನ್ನನ್ನೇ ಮಾಡುತ್ತೇನೆ. ಅವತ್ತೂ ಅಷ್ಟೇ. ಗಲ್ಲ ಎದೆಗೆ, ಭುಜ ಕಿವಿಗೆ, ಸುಸ್ ಸುಸ್ ಅಂತ ಹಿಂದೆಯೇ ಓಡಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಯಾರೋ ಹೋ ಅಂತ ನಕ್ಕರು. ಅವರು ಗಕ್ಕನೆ ತಿರುಗಿದರು. ನನ್ನ ಮುಷ್ಟಿ ಗಾಳಿಯಲ್ಲೇ ಇತ್ತು.

ಹಲ್ಲು ಹೋಯಿತು ಅಂದುಕೊಂಡೆ. ಸಂತೆಯಲ್ಲಿ ಕುರಿ ಕೊಳ್ಳುವವರ ಹಾಗೆ ನನ್ನನ್ನು ಪಾದದಿಂದ ತಲೆಯವರೆಗೆ ನೋಡಿ ಅವರು ಕೇಳಿದ್ದು ಒಂದೇ: "ತೂಕ ಎಷ್ಟು?"

ಈ ದೇಶಕ್ಕೆ ಬಂದಮೇಲೆ ವೀಸಾ ಯಾವುದು ಅಂತ ಕೇಳಿದ್ದಾರೆ, ಯಾವ ಜಾತಿ ಅಂತ ಸುತ್ತಿಬಳಸಿ ಕೇಳಿದ್ದಾರೆ. ತೂಕ ಕೇಳಿದವರು ಇವರೊಬ್ಬರೇ.

"ನೂರ ಹತ್ತು ಪೌಂಡು," ಅಂದೆ.

ಅವರ ಮುಖ ಅರಳಿತು. "ನಾಳೆ ಆರಕ್ಕೆ ಜಿಮ್ಮಿಗೆ ಬಾ."

ಅವರ ಇಂಗ್ಲಿಷು ಪುಟ್ಟದು, ನನ್ನದು ಮೈಸೂರಿನದು. ಎರಡನ್ನೂ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವರು ನನಗಿಂತ ಏಳೆಂಟು ವರ್ಷ ದೊಡ್ಡವರು, ನನ್ನ ಮೂಗಿಗೆ ಗುದ್ದಿದವರು. ಬಹುವಚನ ಕೊಡಲು ಇಷ್ಟು ಕಾರಣ ಸಾಕು.

ಜಿಮ್ಮು ಇದ್ದದ್ದು ಕಾರು ರಿಪೇರಿ ಅಂಗಡಿಯೊಂದರ ಮಹಡಿಯಲ್ಲಿ. ನಡೆಸುತ್ತಿದ್ದವರು ಒಬ್ಬ ಮುದಿ ಮೆಕ್ಸಿಕನ್ ಕೋಚು. ಎಲ್ಲರೂ ಅವರನ್ನು ಸ್ಪ್ಯಾನಿಷಿನಲ್ಲಿ ತಾತ ಅಂತ ಕರೆಯುತ್ತಿದ್ದರು, ನಾನು ಕನ್ನಡದಲ್ಲೇ ಕರೆದೆ, ಅವರು ಓಗೊಟ್ಟರು. ತಾತನ ಜಿಮ್ಮಿನ ಹುಡುಗರೆಲ್ಲಾ ಎತ್ತಿನ ಹಾಗಿದ್ದರು. ಅಭ್ಯಾಸಕ್ಕೆ ಎದುರು ನಿಲ್ಲಲು ತಮ್ಮ ತೂಕದ ಒಬ್ಬ ಮನುಷ್ಯ ಸಿಗದೆ ನಮ್ಮ ಬಾಕ್ಸರು ವರ್ಷಗಟ್ಟಲೆ ಒದ್ದಾಡಿದ್ದರು. ಎತ್ತುಗಳ ಜೊತೆ ಆಡಿದರೆ ಮೈ ಮುರಿಯುತ್ತದೆ, ತಮ್ಮ ತೂಕದವರ ವೇಗದ ಲೆಕ್ಕ ಸಿಗುವುದಿಲ್ಲ. ಆಗ ಅವರ ಕಣ್ಣಿಗೆ ಬಿದ್ದವನು ಅನ್ನ ಸಾರು ತಿಂದು ಬೆಳೆದ ನಾನು. ಇಡೀ ಬೇ ಏರಿಯಾದಲ್ಲಿ ನನ್ನ ಮೈಯನ್ನು ನೋಡಿ ಯಾರಾದರೂ ಖುಷಿಪಟ್ಟಿದ್ದರೆ ಅದು ಅವರು ಮಾತ್ರ. ನಮ್ಮಮ್ಮನೂ ಪಟ್ಟಿಲ್ಲ.

ನನಗೆ ಗುದ್ದಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಬರುತ್ತಿದ್ದದ್ದು ನೋಡಲು. ಮುಂದಿನ ಪಂದ್ಯದ ಎದುರಾಳಿಯ ವಿಡಿಯೋ ಕ್ಯಾಸೆಟ್ಟನ್ನು ತಾತ ಎಲ್ಲಿಂದಲೋ ತರಿಸುತ್ತಿದ್ದರು. ಅದನ್ನು ನಾನು ಕೂಪರ್ಟಿನೋದಲ್ಲಿ ಅಕ್ಕನ ಮನೆಯ ವಿಸಿಆರಿನಲ್ಲಿ ಹಾಕಿಕೊಂಡು ನೋಡಿ, ಸೋಮವಾರ ಜಿಮ್ಮಿಗೆ ಬಂದಾಗ ಆ ಮನುಷ್ಯನೇ ಆಗಿ ಬರುತ್ತಿದ್ದೆ. ಒಬ್ಬ ಗುದ್ದುವ ಮುಂಚೆ ತುಟಿ ನೆಕ್ಕುತ್ತಿದ್ದ. ಇನ್ನೊಬ್ಬ ಸುಸ್ತಾದಾಗ ಎಡ ಮೊಣಕೈಯನ್ನು ಸೊಂಟಕ್ಕೆ ಅಂಟಿಸುತ್ತಿದ್ದ, ಸೆರಗು ಸಿಕ್ಕಿಸಿಕೊಂಡ ಹೆಂಗಸಿನ ಹಾಗೆ. ನಾನು ತುಟಿ ನೆಕ್ಕಿದ ಕೂಡಲೇ ಇವರ ಕೈ ಬಂದು ನನ್ನ ಹೆಲ್ಮೆಟ್ಟಿಗೆ ತಾಗುತ್ತಿತ್ತು. ಪಂದ್ಯದ ದಿನ ನಿಜವಾದವನು ತುಟಿ ನೆಕ್ಕಿದಾಗ ನಾನು ಕೆಳಗೆ ಕೂತು ಅಭ್ಯಾಸಬಲದಿಂದ ತಲೆ ತಗ್ಗಿಸುತ್ತಿದ್ದೆ.

"ಈ ಹುಡುಗ ಮನುಷ್ಯ ಅಲ್ಲ, ಕನ್ನಡಿ," ಅಂತ ತಾತ ಹೇಳುತ್ತಿದ್ದರು. "ಗುದ್ದಿದರೆ ಒಡೆಯೋ ಕನ್ನಡಿ," ಅಂತ ನಾನು ಸೇರಿಸುತ್ತಿದ್ದೆ.

ಹಗಲು ಅವರು ಮೌಂಟನ್ ವ್ಯೂನಲ್ಲಿ ತಮ್ಮ ಸೋದರಮಾವನ ಹೂವಿನ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ಗಾಜಿನ ಮನೆಗಳ ತುಂಬಾ ಸೇವಂತಿಗೆ. ಅಲ್ಲಿಯೂ ಅವರ ಕಾಲು ಸುಮ್ಮನಿರುತ್ತಿರಲಿಲ್ಲ. ಎರಡು ಪಾತಿಗಳ ನಡುವಿನ ಸಣ್ಣ ಓಣಿಯಲ್ಲಿ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಲೇ ನೀರು ಬಿಡುವರು. ಬಸ್ಸಿಗೆ ಕಾಯುವಾಗ ಜಿಗಿಯುವರು, ಬ್ಯಾಂಕಿನ ಸಾಲಿನಲ್ಲಿ ಜಿಗಿಯುವರು. ನಾನೂ ಪಕ್ಕದಲ್ಲಿ ಅವರನ್ನು ಅಣಕಿಸುತ್ತಾ ಜಿಗಿಯುವುದು. ಸೆಕ್ಯುರಿಟಿಯವನು ಒಂದು ಸಲ ನಮ್ಮಿಬ್ಬರಿಗೂ ಬಾತ್‌ರೂಮಿನ ದಾರಿ ತೋರಿಸಿದ.

ಒಂದು ಗಣೇಶನ ಹಬ್ಬಕ್ಕೆ ಅವರನ್ನು ಅಕ್ಕನ ಮನೆಗೆ ಕರೆದೆ. ತೋಳಿನ ತುಂಬಾ ಹಳದಿ ಸೇವಂತಿಗೆ ಹೊತ್ತು ಬಂದರು. ಅಕ್ಕ ಕರಗಿಹೋದಳು. ಈ ಊರಲ್ಲಿ ಹಬ್ಬಕ್ಕೆ ಸೇವಂತಿಗೆ ನೋಡಿ ಎಷ್ಟು ವರ್ಷವಾಯಿತು ಅಂತ ಕಣ್ಣೊರೆಸಿಕೊಂಡು, ಅವರಿಗೇ ಮೊದಲ ಎಲೆ ಹಾಕಿದಳು. ಅವರು ಎಲೆಯ ಮುಂದೆ ಶಿಸ್ತಾಗಿ ಕೂತರು. ಪಲ್ಯ ಬಂತು, ಚಿತ್ರಾನ್ನ ಬಂತು, ಹೋಳಿಗೆ ಬಂತು, ತುಪ್ಪ ಬಂತು. ಅವರು ಪ್ರತಿಯೊಂದಕ್ಕೂ ಬಗ್ಗಿ ನಮಸ್ಕಾರ ಮಾಡಿದರು, ಮೂಗು ಹತ್ತಿರ ತಂದು ನಿಧಾನವಾಗಿ ಉಸಿರೆಳೆದುಕೊಂಡರು, ಮತ್ತೆ ನೆಟ್ಟಗೆ ಕೂತರು. ತಿಂದದ್ದು ನಾಲ್ಕು ಕಾಳು ಕೋಸಂಬರಿ. ಹತ್ತು ದಿನಕ್ಕೆ ಪಂದ್ಯವಿತ್ತು, ತೂಕ ಏರುವಂತಿರಲಿಲ್ಲ.

"ಏನೋ ಇದು," ಅಂತ ಅಕ್ಕ ಅಡುಗೆಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ದೇವರು ನೈವೇದ್ಯ ತಿಂದ ಹಾಗೆ ತಿಂತಿದ್ದಾರಲ್ಲೋ. ಮತ್ತೆ ಅದ್ಯಾಕೆ ಕೋಳಿ ಥರ ಓರೆಯಾಗಿ ನೋಡ್ತಾರೆ?"

"ಅದು ಬಾಕ್ಸಿಂಗಿನ ಸ್ಟೈಲು ಕಣೇ," ಅಂದೆ, ಎಲ್ಲಾ ತಿಳಿದವನಂತೆ. ಅವರು ಹೋದಮೇಲೆ ಮುಖವನ್ನು ಒಂದಿಷ್ಟು ಬಲಕ್ಕೆ ಓರೆ ಮಾಡಿ, ಹೋಳಿಗೆಗೆ ನಮಸ್ಕಾರ ಮಾಡಿ ತೋರಿಸಿದೆ. ಅಕ್ಕನ ಆರು ವರ್ಷದ ಮಗಳು ಹೊಟ್ಟೆ ಹಿಡಿದು ನಕ್ಕು, "ಅಗೇನ್, ಮಾಮಾ, ಅಗೇನ್!" ಅಂದಳು. ಅಂದಿನಿಂದ ಅವರು ನನ್ನ ಐಟಮ್ಮುಗಳಲ್ಲಿ ಒಬ್ಬರಾದರು. ಅವರ ಮುಂದೆಯೇ ಮಾಡುತ್ತಿದ್ದೆ. ನಗುತ್ತಿರಲಿಲ್ಲ, ಗಂಭೀರವಾಗಿ ನೋಡಿ, "ಬಲಗಾಲು ಇನ್ನೂ ಸ್ವಲ್ಪ ಹಿಂದೆ," ಅಂತ ತಿದ್ದುತ್ತಿದ್ದರು.

ತಮ್ಮ ಬಗ್ಗೆ ಅವರು ಹೇಳಿಕೊಂಡದ್ದು ಕಡಿಮೆ. ಓಡುವಾಗ ತುಂಡು ತುಂಡಾಗಿ ಹೇಳುವುದು, ಉಸಿರು ಸಿಕ್ಕಿದಷ್ಟು. ಹೈಸ್ಕೂಲಿನಲ್ಲಿ ಶುರು ಮಾಡಿದರಂತೆ, ಬೇರೆ ಆಟಕ್ಕೆ ಯಾರೂ ಸೇರಿಸಿಕೊಳ್ಳದಷ್ಟು ಕುಳ್ಳಗಿದ್ದರಿಂದ. ಒಸಾಕಾದಲ್ಲಿ ಒಂದು ಕಾಲಕ್ಕೆ ಹೆಸರಿತ್ತಂತೆ. ಅಲ್ಲಿನ ಚಾಂಪಿಯನ್ನರ ಬೆಲ್ಟಿಗಾಗಿ ನಡೆದ ಒಂದೇ ಒಂದು ಪಂದ್ಯದಲ್ಲಿ ಅಂಕಗಳ ಮೇಲೆ ಸೋತರಂತೆ. ಆಮೇಲೆ ಇನ್ನೂ ಸಣ್ಣ ವಯಸ್ಸಿನ ಹುಡುಗರು ಬಂದರು, ಇವರಿಗೆ ಪಂದ್ಯ ಸಿಗುವುದು ನಿಂತಿತು. ಮಾವ ಹೂವಿನ ತೋಟಕ್ಕೆ ಬಾ ಅಂದರು, ಬಂದರು. ಬಂದ ವಾರವೇ ಜಿಮ್ಮು ಹುಡುಕಿದರು.

"ಏನು ಬೇಕು ನಿಮಗೆ? ಬೆಲ್ಟಾ?" ಅಂತ ಒಂದು ಸಲ ಕೇಳಿದೆ.

ಇಡೀ ಒಂದು ಬೀದಿ ಓಡಿದ ಮೇಲೆ ಉತ್ತರ ಬಂತು. "ಕೊನೇ ಪಂದ್ಯ ಆಡಬೇಕು. ಸಂಜೆಯ ಕೊನೇದು. ಹತ್ತು ರೌಂಡು. ಎಲ್ಲರೂ ಕೂತಿರಬೇಕು."

ಅಷ್ಟೇ ಆಸೆ. ಎಲ್ಲರಿಗೂ ಕುರ್ಚಿ ಸಿಕ್ಕಿರಬೇಕು.

ಈ ವರ್ಷದ ಆರಂಭದಲ್ಲಿ ಅದು ಬಂದೇ ಬಂತು. ಸ್ಟಾಕ್ಟನ್ನಿನ ಒಬ್ಬ ಹುಡುಗ, ಎಡಗೈ ಆಟಗಾರ, ಸೋಲೇ ಕಾಣದವನು. ಅವನನ್ನು ದೊಡ್ಡದಾಗಿ ಮೆರೆಸಬೇಕೆಂದಿದ್ದ ಪ್ರೊಮೋಟರು ಸ್ಯಾನ್ ಹೊಸೆಯಲ್ಲಿ ಅವನ ಪಂದ್ಯವನ್ನೇ ಸಂಜೆಯ ಮುಖ್ಯ ಪಂದ್ಯ ಮಾಡಿ, ಎದುರಿಗೆ ಒಬ್ಬ ಗೌರವಸ್ಥ ನೊಣ ಹುಡುಕುತ್ತಿದ್ದ. ನಮ್ಮವರಿದ್ದಾರೆ ಅಂತ ತಾತ ಕೈ ಎತ್ತಿದರು. ಬೀದಿ ಬೀದಿಯ ಕಿಟಕಿಗಳಲ್ಲಿ ಪೋಸ್ಟರು. ಜಪಾನ್‌ಟೌನಿನ ಕ್ಷೌರದಂಗಡಿಯಲ್ಲಿ ಅವರ ಹೆಸರು ನನ್ನ ಮುಂಗೈ ಉದ್ದದ ಅಕ್ಷರಗಳಲ್ಲಿತ್ತು. ಅವರು ಅದನ್ನು ಒಳಗೆ ಹೋಗಿ ನೋಡಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿಕೊಂಡು ನೋಡಿದರು.

ಆ ದಿನಗಳಲ್ಲಿ ಅವರ ಜೊತೆ ಇದ್ದವರಿಗೆಲ್ಲಾ ತುರಿಕೆ ಹತ್ತಿದ ಹಾಗಾಗಿತ್ತು. ಫೋನ್ ಮಾಡಿ ಏನೂ ಹೇಳದೆ ಇಡುವರು. ನನ್ನ ಆಫೀಸಿನ ಪಾರ್ಕಿಂಗ್ ಲಾಟಿಗೇ ಓಡಿಕೊಂಡು ಬಂದು, ಗಾಜಿನ ಆಚೆ ನಿಂತು ಕೈಸನ್ನೆಯಲ್ಲಿ ಕೇಳುವರು: ಕ್ಯಾಸೆಟ್ ನೋಡಿದೆಯಾ? ನನ್ನ ಮ್ಯಾನೇಜರು, "ಕಸದ ಚೀಲ ಹಾಕಿಕೊಂಡಿರುವ ಆ ಮನುಷ್ಯ ನಿಮ್ಮ ಕಡೆಯವರಾ?" ಅಂತ ಕೇಳಿದ. ಹೌದು ಅಂದೆ. ಸ್ಟಾಕ್ಟನ್ ಹುಡುಗನನ್ನು ನಾನು ಆ ಹೊತ್ತಿಗೆ ಅರೆದು ಕುಡಿದಿದ್ದೆ. ಎಡಗೈ ಬಿಡುವ ಮುಂಚೆ ಅವನು ಮೂಗು ಸೊರ್ ಅನ್ನಿಸುತ್ತಿದ್ದ. ಮೀಟಿಂಗಿನಲ್ಲಿ ನಾನು ಮೂಗು ಸೊರ್ ಅನ್ನಿಸಿದರೆ ಪಕ್ಕದಲ್ಲಿದ್ದವರು ಟಿಶ್ಯೂ ಕೊಡುತ್ತಿದ್ದರು.

ಪಂದ್ಯಕ್ಕೆ ಇನ್ನೂ ಕೆಲವು ವಾರ ಇದ್ದಾಗ ಒಂದು ಸಂಜೆ ಅವರು ರಿಂಗಿನೊಳಗೆ ಬಂದು, "ಇವತ್ತು ಬೇರೆ," ಅಂದರು. "ನೀನು ನಾನಾಗು. ನಾನು ಸ್ಟಾಕ್ಟನ್ ಹುಡುಗ ಆಗ್ತೀನಿ. ಅವನಿಗೆ ನಾನು ಹೇಗೆ ಕಾಣಿಸ್ತೀನಿ ಅಂತ ನೋಡಬೇಕು."

"ನಿಮಗೆ ಆಕ್ಟಿಂಗು ಬರಲ್ಲ," ಅಂದೆ.

"ಎಡಗೈ ಬರುತ್ತೆ."

ನಾನು ಅವರಾದೆ. ಹೆಲ್ಮೆಟ್ಟಿನೊಳಗೆ ಗಲ್ಲ ಇಳಿಸಿ, ಮುಖ ಬಲಕ್ಕೆ ಒಂದಿಷ್ಟು ಓರೆ ಮಾಡಿ, ಸುಸ್ ಸುಸ್ ಅಂತ ಜಿಗಿದೆ. ತಾತ ಹಗ್ಗದ ಮೇಲೆ ಮೊಣಕೈ ಊರಿ ನಗುತ್ತಿದ್ದರು. ಬಾಕ್ಸರು ಮೂಗು ಸೊರ್ ಅನ್ನಿಸಿದರು, ಎಡಗೈ ಬಂತು, ನನ್ನ ಬಲಗೆನ್ನೆಗೆ ಬಿತ್ತು. ಮತ್ತೆ ಸೊರ್, ಮತ್ತೆ ಬಲಗೆನ್ನೆ. "ಕೈ ಎತ್ತೋ!" ಅಂತ ತಾತ ಕೂಗಿದರು. ಮತ್ತೆ ಬಿತ್ತು. ಇನ್ನೊಂದಕ್ಕೆ ನನ್ನ ಹಿಂಭಾಗ ನೆಲಕ್ಕೆ ತಾಗಿತು.

ಅವರು ಬಗ್ಗಿ ನೋಡಿದರು. ಮುಖದಲ್ಲಿ ಸಿಟ್ಟು. "ಯಾಕೆ ತಡೀಲಿಲ್ಲ? ಕಾಣಿಸಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ನಾನೀಗ ನೀವಲ್ವಾ?" ಅಂದೆ, ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು. "ಇದನ್ನ ನೀವು ತಡೆಯಲ್ಲ."

ಹೇಳಿದ ಮೇಲೆಯೇ ನನಗೂ ಅದು ಕೇಳಿಸಿದ್ದು. ಮುಖ ಓರೆ ಮಾಡುವುದು, ನಡೆಯುವಾಗ ನನ್ನನ್ನು ಯಾವಾಗಲೂ ಎಡಕ್ಕೆ ಹಾಕಿಕೊಳ್ಳುವುದು, ಬಲಗಡೆಯಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸುವುದು, ಎಲ್ಲವೂ ನನ್ನ ಐಟಮ್ಮಿನಲ್ಲಿತ್ತು. ಯಾಕೆ ಹಾಗೆ ಅಂತ ನಾನು ಕೇಳಿಕೊಂಡೇ ಇರಲಿಲ್ಲ. ಅಣಕಿಸುವವನಿಗೆ ಹೇಗೆ ಅಂತ ಗೊತ್ತಾದರೆ ಹೊಟ್ಟೆ ತುಂಬುತ್ತದೆ.

ತಾತನ ನಗು ನಿಂತಿತ್ತು. ಹಗ್ಗದಡಿ ತೂರಿ ಒಳಗೆ ಬಂದರು. ಬಾಕ್ಸರ ಎಡಗಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿ, ಬಲಗಡೆಗೆ ಬೆರಳು ಎತ್ತಿದರು. "ಎಷ್ಟು?"

"ಇಲ್ಲಿ ಲೈಟು ಸರಿಯಿಲ್ಲ," ಅಂದರು ಬಾಕ್ಸರು.

ತಾತ ಬೈಯಲಿಲ್ಲ. ಅಲ್ಲೇ ಮಂಡಿಯೂರಿ ಅವರ ಗ್ಲೌಸಿನ ದಾರ ಬಿಚ್ಚತೊಡಗಿದರು. "ಕಣ್ಣಿನ ಡಾಕ್ಟರು ಸರಿ ಅಂದರೆ ಮತ್ತೆ ಕಟ್ತೀನಿ. ಇಲ್ಲಾಂದ್ರೆ ರಿಂಗಿನ ನಿನ್ನ ಮೂಲೇಲಿ ಕೋಚಾಗಿ ನಾನಿರಲ್ಲ."

ಕೆಳಗೆ ನನ್ನ ಹಳೇ ಟೊಯೋಟಾದಲ್ಲಿ ಕೂತು ಅವರು, "ಓಡಿಸು," ಅಂದರು. ಎಲ್ಲಿಗೆ ಅಂದರೆ, ಓಡಿಸು. ಫ್ರೀವೇ ಹಿಡಿದೆ. ಲಾಸ್ ಗ್ಯಾಟೋಸ್ ಬಂತು, ಬೆಟ್ಟ ಶುರುವಾಯಿತು, ತಿರುಗಿಸು ಅಂದರು. ಸರಟೋಗಾದ ಇಳಿಜಾರುಗಳಲ್ಲಿ ಸುತ್ತಿದೆವು. ಅವರು ಕಿಟಕಿ ಇಳಿಸುವುದು, ಏರಿಸುವುದು, ರೇಡಿಯೋ ಹಾಕುವುದು, ಆರಿಸುವುದು. ಜಪಾನಿನಲ್ಲಿ ಕಣ್ಣಿನ ರೆಟಿನಾ, ಅಂದರೆ ಒಳಗಿನ ಪರದೆ, ಕಿತ್ತುಬಂತು ಅಂದರೆ ಬಾಕ್ಸರನ ಲೈಸೆನ್ಸು ಅಲ್ಲಿಗೇ ಮುಗಿಯಿತಂತೆ, ಅಂಥವರನ್ನು ನೋಡಿದ್ದರಂತೆ. ಕಳೆದ ವರ್ಷ ಓಕ್ಲೆಂಡಿನ ಪಂದ್ಯದಲ್ಲಿ ಮೊಣಕೈ ತಾಗಿದ ಮೇಲೆ ಬಲಗಣ್ಣಿನ ಮೂಲೆಯಲ್ಲಿ ಪರದೆ ಇಳಿದಂತೆ ಕತ್ತಲೆ ಬಂತಂತೆ. ಹೋಗುತ್ತೆ ಅಂದುಕೊಂಡರಂತೆ. ಹೋಗಲಿಲ್ಲ, ಬೆಳೆಯಿತು.

ಕೊನೆಗೆ ಒಂದು ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸು ಅಂದರು. ಇಳಿದು ನನ್ನೆದುರು ನಿಂತರು.

"ಪಂದ್ಯದ ಹಿಂದಿನ ದಿನ ಬಾಕ್ಸಿಂಗಿನವರ ಡಾಕ್ಟರು ನೋಡ್ತಾರೆ. ಒಂದೆರಡು ನಿಮಿಷ ಅಷ್ಟೇ. ಮೂಲೆಗೆ ಬೇರೆ ಯಾರಾದರೂ ಸಿಗ್ತಾರೆ. ನೀನು ಎರಡು ಕಣ್ಣೂ ಇರುವವನನ್ನು ಮಾಡಿ ತೋರಿಸು. ನಾನು ನೋಡಿ ಕಲೀತೀನಿ."

"ಕಣ್ಣು ಹೋದರೆ?"

"ಹತ್ತು ರೌಂಡಿಗೆ ಒಂದು ಕಣ್ಣು ಸಾಕು."

ಬೇಡ ಅನ್ನಬಹುದಿತ್ತು. ನನ್ನ ಕಾಯಿಲೆ ಹೇಳಿದೆನಲ್ಲ. ನಾನು ಮಾಡಿ ತೋರಿಸಿದೆ. ಬಲಗಡೆ ಕಾರು ಬಂದರೆ ಕಣ್ಣು ಮಾತ್ರ ಹೊರಳಿಸುವ ಮನುಷ್ಯ. ತಲೆ ಅಲ್ಲಾಡಿಸದೆ ಎರಡೂ ಪಕ್ಕ ನೋಡುವ ಮನುಷ್ಯ. ಯಾರೂ ಚಪ್ಪಾಳೆ ತಟ್ಟದ, ಎಲ್ಲರೂ ದಿನಾ ಮಾಡುವ ಐಟಮ್ಮು. ಅವರು ನನ್ನನ್ನೇ ನೋಡಿಕೊಂಡು ಮಾಡಿದರು. ಕತ್ತು ನೆಟ್ಟಗಾಯಿತು, ಮುಖ ಕಲ್ಲಾಯಿತು, ಪಾಸ್‌ಪೋರ್ಟ್ ಫೋಟೋಗೆ ನಿಂತವರ ಹಾಗೆ ಕಂಡರು. ಆ ಮನುಷ್ಯನಿಗೆ ತಾನಾಗಿ ಇರುವುದು ಬಿಟ್ಟು ಬೇರೆ ಯಾರಾಗಲೂ ಬರುತ್ತಿರಲಿಲ್ಲ.

"ಬೀಗದ ಕೈ ಎಸಿ," ಅಂದರು. "ಬಲಗಡೆಗೆ."

ಎಸೆದೆ. ಅವರ ಭುಜ ದಾಟಿ ಹೋಗಿ ಅಂಗಡಿಯ ತಳ್ಳುಗಾಡಿಯ ಕೆಳಗೆ ಝಣ್ ಅಂತ ಬಿತ್ತು. ಬಗ್ಗಿ ತಡಕಿ ತಂದುಕೊಟ್ಟರು. "ಇನ್ನೊಂದು ಸಲ." ಮತ್ತೆ ಬಿತ್ತು. "ಇನ್ನೊಂದು." ಸಾಮಾನು ಹೊತ್ತ ಒಬ್ಬ ಹೆಂಗಸು ನಿಂತು ನಮ್ಮನ್ನು ನೋಡಿ, ನಾಯಿಗೆ ಕಲಿಸುವ ಆಟವನ್ನು ಮನುಷ್ಯನಿಗೆ ಯಾಕೆ ಕಲಿಸುತ್ತಿದ್ದಾನೆ ಅನ್ನುವಂತೆ ನನಗೊಂದು ನೋಟ ಕೊಟ್ಟು ಹೋದರು. ಇನ್ನೆಸೆಯಲು ನನಗೆ ಕೈ ಬರಲಿಲ್ಲ. ಅವರು ಡಾಂಬರಿನ ಮೇಲೆ ಮಂಡಿಯೂರಿಕೊಂಡೇ ಇದ್ದರು.

"ನಿನ್ನ ಭಾವ ಡಾಕ್ಟರಲ್ವಾ?" ಅಂದರು.

"ಮಕ್ಕಳ ಡಾಕ್ಟರು."

"ನಾನು ಐವತ್ತು ಕಿಲೋ."

ಭಾವ ತಮ್ಮ ಪರಿಚಯದ ಕಣ್ಣಿನ ಸರ್ಜನ್ ಹತ್ತಿರ ಕಳಿಸಿದರು. ಗೋಡೆಗೆ ಅಂಟಿಸಿದ ಕಾಗದ ತೇವಕ್ಕೆ ಬಿಟ್ಟುಕೊಳ್ಳುವ ಹಾಗೆ ಕಣ್ಣೊಳಗಿನ ಪರದೆ ಬಿಟ್ಟುಕೊಂಡಿತ್ತು. ಇನ್ನೊಂದು ಒಳ್ಳೆಯ ಗುದ್ದು ಬಿದ್ದಿದ್ದರೆ ಆ ಕಣ್ಣಿನ ಕತೆ ಮುಗಿಯುತ್ತಿತ್ತು ಅಂತ ಸರ್ಜನ್ ಹೇಳಿದರು. ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟು ಪರದೆಯನ್ನು ಒತ್ತಿ ಹಿಡಿಯಬೇಕು. ಗುಳ್ಳೆ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ರೋಗಿ ಎರಡು ವಾರ ಬೋರಲಾಗಿ, ಮುಖ ನೆಲಕ್ಕೆ ಮಾಡಿ, ಅಲುಗಾಡದೆ ಮಲಗಿರಬೇಕು. ಇದನ್ನು ಕೇಳಿ ಅಕ್ಕ, "ಆ ಮನುಷ್ಯನಾ? ಕಟ್ಟಿಹಾಕಬೇಕಾಗುತ್ತೆ," ಅಂದಳು.

ಕಟ್ಟಿಹಾಕಲಿಲ್ಲ. ಸೋದರಮಾವ ಸಸಿ ಜೋಡಿಸುವ ಹಲಗೆಯೊಂದರಲ್ಲಿ ಮುಖ ಹಿಡಿಸುವಷ್ಟು ತೂತು ಕೊರೆದು, ಹಾಸಿಗೆ ಹಾಸಿ, ತೋಟದ ಮನೆಯ ಕೋಣೆಯಲ್ಲಿ ಸೊಂಟದೆತ್ತರಕ್ಕೆ ಇಟ್ಟರು. ಅದರ ಮೇಲೆ ಬಾಕ್ಸರು ಬೋರಲು. ತೂತಿನೊಳಗಿಂದ ಕಾಣುವುದು ಒಂದು ತಟ್ಟೆಯಗಲದ ನೆಲ. ಹಲಗೆಯ ಎರಡೂ ಪಕ್ಕದಿಂದ ಕೈಗಳು ಇಳಿಬಿದ್ದು, ತಮ್ಮ ಪಾಡಿಗೆ ತಾವು ಸಣ್ಣಗೆ ಗಾಳಿ ಗುದ್ದುತ್ತಿದ್ದವು. ಅವಕ್ಕೆ ಯಾರೂ ಮಲಗು ಅಂದಿರಲಿಲ್ಲ.

ಪಂದ್ಯ ನಿಲ್ಲಲಿಲ್ಲ. ಪೋಸ್ಟರಿನಲ್ಲಿ ಅವರ ಹೆಸರಿನ ಮೇಲೆ ಸ್ಯಾಕ್ರಮೆಂಟೋದ ಯಾವನೋ ಹುಡುಗನ ಹೆಸರಿನ ಚೀಟಿ ಅಂಟಿಸಿದರು. ನಾನೂ ತಾತನೂ ಹೋಗಿ ನೋಡಿದೆವು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ನಾಲ್ಕನೇ ರೌಂಡಿನಲ್ಲಿ ಸ್ಟಾಕ್ಟನ್ನಿನವನು ಮೂಗು ಸೊರ್ ಅನ್ನಿಸಿದ, ಮುಗಿಯಿತು. ತಾತ ಎದ್ದು ಟೋಪಿ ಹಾಕಿಕೊಂಡು ನನಗೂ ಹೇಳದೆ ಹೊರಟುಹೋದರು.

ಮರುದಿನ ಭಾನುವಾರ ಮಧ್ಯಾಹ್ನ ತೋಟಕ್ಕೆ ಹೋದೆ.

"ಮಾಡು," ಅಂತ ಹಲಗೆಯ ಕೆಳಗಿನಿಂದ ದನಿ ಬಂತು.

"ಹೇಗೆ ಮಾಡಲಿ? ನಿಮಗೆ ನೆಲ ಬಿಟ್ಟು ಏನೂ ಕಾಣಿಸಲ್ಲ."

"ಕಾಲು ಮಾಡು. ಕಾಲು ನೋಡಿದರೆ ಉಳಿದದ್ದು ಗೊತ್ತಾಗುತ್ತೆ."

ಬೂಟು ಕಾಲುಚೀಲ ಬಿಚ್ಚಿ, ಹಲಗೆಗೆ ಒತ್ತಿಕೊಂಡು ನಿಂತು, ಬರಿಗಾಲನ್ನು ಅವರ ತಟ್ಟೆಯಗಲದ ನೆಲಕ್ಕೆ ತೂರಿಸಿದೆ. ಸ್ಟಾಕ್ಟನ್ ಹುಡುಗನ ಹೆಜ್ಜೆ, ಸ್ಯಾಕ್ರಮೆಂಟೋದವನ ಹೆಜ್ಜೆ, ಈಚೆ ಜಿಗಿದರೆ ಅವನು, ಆಚೆ ಜಿಗಿದರೆ ಇವನು. ಸೊಂಟದಿಂದ ಮೇಲಕ್ಕೆ ನಾನು ಹಲಗೆಯ ಅಂಚು ಹಿಡಿದುಕೊಂಡ ಮುದುಕಿಯ ಹಾಗಿದ್ದೆ. ಒಂದು ರೌಂಡು ನೋಡಿ, "ಸಾಕು," ಅಂದರು. "ಸ್ಯಾಕ್ರಮೆಂಟೋ ಹುಡುಗನ ಜಾಗದಲ್ಲಿ ನನ್ನನ್ನು ಹಾಕು."

ಹಾಕಿದೆ. ಅವರ ಬಲಗಾಲು ಸ್ವಲ್ಪ ಹಿಂದೆ, ಹಿಮ್ಮಡಿ ಎತ್ತಿ. ಮೊದಲ ರೌಂಡು ಅವರದ್ದು, ಎರಡನೆಯದೂ ಅವರದ್ದೇ. ಮಲಗಿದ್ದಾರೆ ಪಾಪ, ಗೆಲ್ಲಿಸಿಬಿಡೋಣ, ಯಾರಪ್ಪನ ಮನೆ ಗಂಟು ಹೋಗುತ್ತೆ ಅಂತ ಆಗಲೇ ತೀರ್ಮಾನಿಸಿದ್ದೆ. ಮೂರನೆಯದರಲ್ಲಿ ನಾನು ಮೂಗು ಸೊರ್ ಅನ್ನಿಸಿದೆ, ಸ್ಟಾಕ್ಟನ್ ಕಾಲು ಮುಂದೆ ಬಂತು, ಎಡಗೈ ಹೊರಟಿತು. ಅವರ ಕಾಲನ್ನು ಚಕ್ಕನೆ ಪಕ್ಕಕ್ಕೆ ಸರಿಸಿದೆ.

"ಸುಳ್ಳು."

"ಏನು ಸುಳ್ಳು?"

"ಅದನ್ನ ನಾನು ನೋಡಲಿಲ್ಲ. ಸರಿದದ್ದು ನೀನು. ಜಿಮ್ಮಿನಲ್ಲಿ ನೀನು ಸುಳ್ಳು ಮಾಡಲಿಲ್ಲ." ಇಳಿಬಿದ್ದ ಕೈಗಳು ಗುದ್ದುವುದನ್ನು ನಿಲ್ಲಿಸಿದ್ದವು. "ಸರಿಯಾಗಿ ಮಾಡು."

ಬಾಯಲ್ಲಿ ಬಂದ ತಮಾಷೆಯನ್ನು ನಾನು ನುಂಗಿದ್ದು ಜನ್ಮದಲ್ಲಿ ಅದೇ ಮೊದಲು. ಮತ್ತೆ ಮೂಗು ಸೊರ್ ಅನ್ನಿಸಿದೆ. ಸ್ಟಾಕ್ಟನ್ ಕಾಲು ಬಂತು. ಈ ಸಲ ಅವರ ಕಾಲು ಇದ್ದಲ್ಲೇ ಇತ್ತು. ಆಮೇಲೆ ಮಂಡಿ ಸಡಿಲವಾಯಿತು, ಪಾದ ಒಳಕ್ಕೆ ಮಡಚಿತು, ನಾನು ಹಲಗೆಯ ಕೆಳಗೆ ಜಾರಿ ಸಿಮೆಂಟ್ ನೆಲದ ಮೇಲೆ ಅಂಗಾತ ಬಿದ್ದೆ.

ಮೇಲೆ ತೂತಿನಲ್ಲಿ ಅವರ ಮುಖ. ಬಲಗಣ್ಣಿಗೆ ಬಿಳಿ ಪಟ್ಟಿ, ಕೆನ್ನೆಗಳು ಭಾರಕ್ಕೆ ಇಳಿಬಿದ್ದು ಮೂಗು ಕೆಂಪಾಗಿತ್ತು. ಯಾರನ್ನೂ ಕೆಳಗಿನಿಂದ ನೋಡಬಾರದು, ಎಲ್ಲರೂ ಈಗಷ್ಟೇ ಅತ್ತವರ ಹಾಗೆ ಕಾಣುತ್ತಾರೆ. ಎಡಗಣ್ಣು ನನ್ನನ್ನೇ ನೋಡುತ್ತಿತ್ತು. ನಮ್ಮಿಬ್ಬರ ನಡುವೆ ಒಂದು ಮೊಳ ಜಾಗವಿತ್ತು.

"ಒಂದು," ಅಂದರು. ಹತ್ತರೊಳಗೆ ಏಳದವನು ಸೋತಂತೆ ಅಂತ ಬಿದ್ದವನ ಮೇಲೆ ಬಗ್ಗಿ ಎಣಿಸುವ ರೆಫರಿಗಳ ಹಾಗೆ, ಗಟ್ಟಿಯಾಗಿ. "ಎರಡು. ಮೂರು."

ಹೊರಗೆ ಗಾಜಿನ ಮನೆಯಲ್ಲಿ ಮಾವ ನೀರಿನ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಅವರು ಅವಸರ ಮಾಡಲಿಲ್ಲ. ಆರು, ಏಳು ಅಂತ ಎಣಿಸಿದರು. ಎಂಟು ಅಂದಾಗ ನಾನು ಮೊಣಕೈ ಊರಿದೆ. ಯಾರಾದರೂ ಕೆಡವಿದರೆ ಎಂಟಕ್ಕೆ ಮೇಲೇಳುವುದು ಅವರದ್ದೇ ಪದ್ಧತಿ, ನನ್ನ ಮೈಗೆ ಅದು ಹಾಗೇ ಗೊತ್ತಿತ್ತು.

"ಏಳಬೇಡ," ಅಂದರು.

ಮೊಣಕೈ ತೆಗೆದೆ.

"ಒಂಬತ್ತು."

ಮುಂದಿನದು ಬರಲು ಬಹಳ ಹೊತ್ತು ಹಿಡಿಯಿತು. ತುಟಿ ಅಲುಗಾಡಿ ನಿಂತಿತು. ನಾನು ಕಣ್ಣು ಮಿಟುಕಿಸಲಿಲ್ಲ.

"ಹತ್ತು."

ಹಲಗೆಯ ಎರಡೂ ಪಕ್ಕದಿಂದ ಅವರ ಕೈಗಳು ನನ್ನ ಮುಖದ ಮೇಲೆ ಬಂದವು. ಒಂದನ್ನೊಂದು ದಾಟಿ ಅಗಲವಾಗಿ ಬೀಸಿದವು, ಪಂದ್ಯ ಮುಗಿಯಿತು ಅಂತ ರೆಫರಿ ಎಲ್ಲರಿಗೂ ತೋರಿಸುವ ಹಾಗೆ. ಬೀಸಿ, ಹಾಗೇ ಇಳಿಬಿದ್ದವು. ನಾನು ಬಿದ್ದಲ್ಲೇ ಬಿದ್ದಿದ್ದೆ.